ಊರಿನ ಹೆಸರಿಗೆ ವಾರಸುದಾರರು ಯಾರು?

ಯಲಹಂಕದಿಂದ ದೊಡ್ಡಬಳ್ಳಾಪುರದ ರಸ್ತೆ ಹಿಡಿದು, ಸಿಂಗನಾಯಕನಹಳ್ಳಿಯನ್ನು ದಾಟಿ ಮುಂದೆ ಸಾಗಿದರೆ ರಾಜಾನುಕುಂಟೆ ಸಿಗುತ್ತದೆ. ಬೆಂಗಳೂರಿನ ಉತ್ತರದ ಅಂಚಿನಲ್ಲಿರುವ ಈ ಊರಿಗೆ ತನ್ನದೇ ಆದ ರೈಲು ನಿಲ್ದಾಣವಿದೆ, ಪೊಲೀಸ್ ಠಾಣೆಯಿದೆ. ಪಕ್ಕದ ಇಟಗಲ್‌ಪುರದಲ್ಲಿ ಒಂದು ವಿಶ್ವವಿದ್ಯಾಲಯವೇ ಇದೆ. ಈಗ ಅದೇ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ನೋಡಿ. ಊರಿಗಿಂತ ಮೊದಲು ಊರಿನ ನಿವೇಶನಗಳು ಎದುರಾಗುತ್ತವೆ. ಮೂವತ್ತು-ನಲವತ್ತರ ಸೈಟು, ವಿಲ್ಲಾ, ಅಪಾರ್ಟ್‌ಮೆಂಟು, ಬ್ಯಾಂಕ್ ಸಾಲದ ಭರವಸೆ, ವಿಮಾನ ನಿಲ್ದಾಣಕ್ಕೆ ಎಷ್ಟು ನಿಮಿಷದ ದಾರಿ ಎಂಬ ಲೆಕ್ಕ. ಈ ಜಾಹೀರಾತುಗಳನ್ನು ಓದುತ್ತಾ ಹೋದರೆ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. ರಾಜಾನುಕುಂಟೆಯಿಂದ ಎಲ್ಲೆಲ್ಲಿಗೆ ಬೇಗನೆ ಹೋಗಿಬಿಡಬಹುದು ಎಂಬುದನ್ನು ಅವು ವಿವರವಾಗಿ ಹೇಳುತ್ತವೆ; ರಾಜಾನುಕುಂಟೆಯಲ್ಲಿ ಏನಿದೆ, ಯಾರಿದ್ದಾರೆ ಎಂಬುದನ್ನು ಹೇಳುವುದಿಲ್ಲ.

ಹಾಗೆಂದು ಸರಕಾರಿ ತಾಣಗಳಲ್ಲಿ ಊರು ಇಲ್ಲವೇ ಎಂದರೆ, ಇದೆ. ಭೂಮಿ ಯೋಜನೆಯಡಿ ಪಹಣಿಗಳು ಕಂಪ್ಯೂಟರಿಗೆ ಏರಿ ಎರಡು ದಶಕಗಳು ಕಳೆದಿವೆ. ಪಂಚಾಯತ್ ವ್ಯಾಪ್ತಿಯ ಆಸ್ತಿಗಳಿಗೆ ನಮೂನೆ 9 ಮತ್ತು 11 ನೀಡುವ ಇ-ಸ್ವತ್ತು ಇದೆ, ನೋಂದಣಿಗೆ ಕಾವೇರಿ ಇದೆ. ಇವುಗಳಿಂದಾದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಲ್ಲಿ ಊರು ಎಂದರೆ ಜಿಲ್ಲೆ, ತಾಲೂಕು, ಹೋಬಳಿಗಳನ್ನು ಒಂದೊಂದಾಗಿ ಆರಿಸಿದ ಬಳಿಕ ಕೆಳಕ್ಕೆ ಬಿಚ್ಚಿಕೊಳ್ಳುವ ಪಟ್ಟಿಯೊಳಗಿನ ಒಂದು ಸಾಲು. ಸರ್ವೆ ನಂಬರು ಗೊತ್ತಿದ್ದವನಿಗೆ ಅದು ಉತ್ತರಿಸುತ್ತದೆ. ಊರಿನವನಿಗೆ ತಾನಾಗಿಯೇ ಏನನ್ನೂ ತಿಳಿಸುವುದಿಲ್ಲ.

ಒಂದೆಡೆ ಮಾರುವವರ ಪುಟ, ಇನ್ನೊಂದೆಡೆ ಆಳುವವರ ಪಟ್ಟಿ. ಇವೆರಡರ ನಡುವೆ ವಾಸಿಸುವವರ ಪುಟ ಎಲ್ಲಿದೆ? ಊರಿನ ಹೆಸರನ್ನೇ ವಿಳಾಸವಾಗಿ ಹೊಂದಿ, ಊರಿನವರೇ ನಡೆಸುವ ಒಂದು ವೆಬ್‌ಸೈಟ್‌ನ ಅಗತ್ಯವನ್ನು ನಾವು ಇದುವರೆಗೆ ಯುವಕರ ಹವ್ಯಾಸವೆಂದೇ ತಿಳಿದುಬಂದಿದ್ದೇವೆ. ಅದು ಹವ್ಯಾಸದ ವಿಷಯವಲ್ಲ, ಆಸ್ತಿಪಾಸ್ತಿಯ ವಿಷಯ ಎಂಬುದು ಈ ಲೇಖನದ ವಾದ.

ಕರಾವಳಿಯ ಓದುಗರಿಗೆ ಇದು ಹೊಸ ಸಂಗತಿಯೇನಲ್ಲ. 2000ದ ಆಸುಪಾಸಿನ ವರ್ಷಗಳಲ್ಲಿ ಕರಾವಳಿಯ ಊರುಗಳು ಅಂತರ್ಜಾಲದಲ್ಲಿ ತಮ್ಮ ತಮ್ಮ ಮನೆ ಕಟ್ಟಿಕೊಂಡ ಬಗೆ ಕರ್ನಾಟಕದ ಇತರ ಭಾಗಗಳಿಗೆ ಅಪರಿಚಿತವಾದುದು. ಮಂಗಳೂರಿನ ಹೆಸರು ಹೊತ್ತ ಮ್ಯಾಂಗಲೋರಿಯನ್ ಡಾಟ್ ಕಾಮ್ ಬಂತು, ದಾಯ್ಜಿವರ್ಲ್ಡ್ ಬಂತು. ಭಟ್ಕಳದವರು ಭಟ್ಕಳೀಸ್ ಡಾಟ್ ಕಾಮ್ ಕಟ್ಟಿದರು. ಅದೇ ಊರಿನ ಸಾಹಿಲ್ ಆನ್‌ಲೈನ್ ಉರ್ದು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಸುದ್ದಿ ಕೊಟ್ಟಿತು. ಉಡುಪಿ ಬಳಿಯ ಕೆಮ್ಮಣ್ಣಿನಂತಹ ಪುಟ್ಟ ಊರಿಗೂ ಅದರ ಹೆಸರಿನ ತಾಣವೊಂದು ಹುಟ್ಟಿಕೊಂಡಿತು. ಇವುಗಳನ್ನು ತೆರೆದು ಓದುತ್ತಿದ್ದವರು ಯಾರು? ದುಬೈ, ದಮ್ಮಾಮ್, ಜಿದ್ದಾ, ಕುವೈತ್‌ಗಳಲ್ಲಿ ದುಡಿಯುತ್ತಿದ್ದವರು. ರಾತ್ರಿ ಪಾಳಿ ಮುಗಿಸಿ ಬಂದವನು ಮೊದಲು ನೋಡುತ್ತಿದ್ದುದು ಮರಣ ವಾರ್ತೆಯನ್ನು. ಊರಲ್ಲಿ ಯಾರು ತೀರಿಕೊಂಡರು, ದಫನ ಯಾವಾಗ, ಮಳೆಗೆ ಯಾವ ಸೇತುವೆ ಮುಳುಗಿತು, ಯಾರ ಮಗಳ ಮದುವೆ ನಿಶ್ಚಯವಾಯಿತು. ಪತ್ರ ಬರಲು ಹದಿನೈದು ದಿನ, ಫೋನಿಗೆ ನಿಮಿಷಕ್ಕೆ ದುಬಾರಿ ದರ ಇದ್ದ ಕಾಲದಲ್ಲಿ ಈ ತಾಣಗಳು ಮಾಡಿದ ಸೇವೆಯನ್ನು ಬಲ್ಲವರೇ ಬಲ್ಲರು.

ಅವುಗಳ ಹುಟ್ಟಿಗೆ ಕಾರಣ ಅಗಲಿಕೆ. ಊರು ಬಿಟ್ಟವರು ಊರಿಗಾಗಿ ಕಟ್ಟಿದ ತಾಣಗಳವು. ಉತ್ತರ ಬೆಂಗಳೂರಿನ ಹಳ್ಳಿಗಳ ಸ್ಥಿತಿ ಇದಕ್ಕೆ ತೀರಾ ವಿರುದ್ಧ. ಇಲ್ಲಿಂದ ಜನ ಹೊರಟುಹೋಗಲಿಲ್ಲ, ಇಲ್ಲಿಗೆ ಜನ ಬಂದರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಹೆಬ್ಬಾಳದಾಚೆಗಿನ ಹೊಲಗಳ ಬೆಲೆ ಏರಿದ ವೇಗಕ್ಕೆ ರಾಗಿ ಬೆಳೆಯುತ್ತಿದ್ದವನೇ ದಿಗಿಲುಗೊಂಡ. ಕಲ್ಯಾಣ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರು, ಬಿಹಾರ-ಒಡಿಶಾಗಳಿಂದ ಬಂದ ಕಾರ್ಮಿಕರು, ಓದಲು ಬಂದ ವಿದ್ಯಾರ್ಥಿಗಳು, ನಿವೃತ್ತಿಯ ಹಣದಲ್ಲಿ ಸೈಟು ಕೊಂಡವರು, ಇವರೆಲ್ಲ ಒಂದೇ ಊರಿನ ಹೆಸರನ್ನು ತಮ್ಮ ಆಧಾರ್ ಕಾರ್ಡಿನ ಮೇಲೆ ಬರೆಸಿಕೊಂಡಿದ್ದಾರೆ. ಆದರೆ ಒಬ್ಬರಿಗೊಬ್ಬರು ಪರಿಚಿತರಲ್ಲ. ಇವರಲ್ಲಿ ಅನೇಕರು ಊರಿಗೆ ಬರುವ ಮೊದಲು ಊರಿನ ಜಾಹೀರಾತಿಗೆ ಬಂದವರು. ಹಳಬರಿಗೆ ಊರಿನ ಸುದ್ದಿ ತಿಳಿಯಲು ಅರಳಿಕಟ್ಟೆ ಇದೆ, ಟೀ ಅಂಗಡಿ ಇದೆ, ಜುಮಾ ಮುಗಿದ ಮೇಲಿನ ಅಂಗಳವಿದೆ. ಹೊಸಬರಿಗೆ ಏನಿದೆ? ಆದ್ದರಿಂದ ತಾಣದ ಅಗತ್ಯ ಭಟ್ಕಳಕ್ಕಿಂತ ರಾಜಾನುಕುಂಟೆಗೆ ಕಡಿಮೆಯಲ್ಲ. ಅಲ್ಲಿ ಅದು ಅಗಲಿದವರನ್ನು ಬೆಸೆಯಿತು, ಇಲ್ಲಿ ಅದು ಬಂದು ಸೇರಿದವರನ್ನು ಬೆಸೆಯಬೇಕಾಗಿದೆ.

ಬೆಸೆಯುವ ಮಾತು ಕೇಳಲು ಸೊಗಸಾದುದು. ಅದನ್ನು ಅಷ್ಟಕ್ಕೇ ಬಿಟ್ಟು, ಮಾಹಿತಿಯ ಕೊರತೆಯಿಂದ ಜನರು ಅನುಭವಿಸುವ ಪಾಡಿಗೆ ಬರೋಣ.

ರಾಜಾನುಕುಂಟೆಯಿಂದ ಸ್ವಲ್ಪವೇ ದಕ್ಷಿಣಕ್ಕೆ, ಯಲಹಂಕ ಮತ್ತು ಹೆಸರಘಟ್ಟದ ನಡುವಿನ ಬ್ಯಾಲಕೆರೆ, ಆವಲಹಳ್ಳಿ, ರಾಮಗೊಂಡನಹಳ್ಳಿ, ವೀರಸಾಗರ, ಮೇಡಿ ಅಗ್ರಹಾರ, ಸೋಮಶೆಟ್ಟಿಹಳ್ಳಿ ಮೊದಲಾದ 17 ಗ್ರಾಮಗಳ 3,546 ಎಕರೆ ಭೂಮಿಯನ್ನು ಡಾ. ಶಿವರಾಮ ಕಾರಂತ ಬಡಾವಣೆಗಾಗಿ ಸ್ವಾಧೀನಪಡಿಸಿಕೊಳ್ಳಲು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 2008ರ ಡಿಸೆಂಬರ್ 30ರಂದು ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಆ ಬಳಿಕದ ಹತ್ತು ವರ್ಷ ವಿಷಯ ನ್ಯಾಯಾಲಯಗಳಲ್ಲಿ ಸುತ್ತಿತು. ಈ ಹತ್ತು ವರ್ಷಗಳಲ್ಲಿ ಅಲ್ಲಿನ ಜನರೇನೂ ಕೈಕಟ್ಟಿ ಕೂತಿರಲಿಲ್ಲ. ನಿವೇಶನಗಳು ಮಾರಾಟವಾದವು, ಮನೆಗಳು ಎದ್ದವು, ಗೃಹಪ್ರವೇಶಗಳು ನಡೆದವು. 2018ರ ಆಗಸ್ಟ್ 3ರಂದು ಸುಪ್ರೀಮ್ ಕೋರ್ಟು ಬಡಾವಣೆಯ ಪರವಾಗಿ ತೀರ್ಪಿತ್ತಾಗ, ತಾವು ಬೆವರು ಸುರಿಸಿ ಕಟ್ಟಿದ ಮನೆ ಸ್ವಾಧೀನದ ಭೂಮಿಯಲ್ಲಿದೆ ಎಂಬುದನ್ನು ಅರಿತು ಕಂಗಾಲಾದ ಕುಟುಂಬಗಳಿಗೆ ಲೆಕ್ಕವಿಲ್ಲ. ಕೊನೆಗೆ 2020ರ ಡಿಸೆಂಬರಿನಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ನೇತೃತ್ವದಲ್ಲಿ ಸಮಿತಿಯೊಂದು ರಚನೆಯಾಗಿ, ಮನೆ ಕಟ್ಟಿಕೊಂಡವರು ತಮ್ಮ ದಾಖಲೆಗಳನ್ನು ಸಲ್ಲಿಸಿ ಸಕ್ರಮಕ್ಕೆ ಕೋರುವ ಅವಕಾಶ ದೊರೆಯಿತು.

ಈ ಪ್ರಕರಣದಲ್ಲಿ ಪ್ರಾಧಿಕಾರದ ತಪ್ಪೆಷ್ಟು, ಮಾರಿದವರ ಮೋಸವೆಷ್ಟು, ಕೊಂಡವರ ಅವಸರವೆಷ್ಟು ಎಂಬ ವಿಮರ್ಶೆ ಇಲ್ಲಿ ಬೇಡ. ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳೋಣ. 2008ರ ಅಧಿಸೂಚನೆ ಗುಟ್ಟಿನದ್ದಾಗಿರಲಿಲ್ಲ. ಅದು ರಾಜ್ಯಪತ್ರದಲ್ಲಿತ್ತು. ಆದರೆ ರಾಜ್ಯಪತ್ರವನ್ನು ಓದಿ ಸೈಟು ಕೊಳ್ಳುವ ಮೇಸ್ತ್ರಿ ಯಾರು, ಆಟೋ ಚಾಲಕ ಯಾರು? 'ಆವಲಹಳ್ಳಿ' ಎಂಬ ಹೆಸರಿನ ಒಂದು ತಾಣವಿದ್ದು, ಅದರ ಮೊದಲ ಪುಟದಲ್ಲಿ ಸರ್ವೆ ನಂಬರುಗಳ ಪಟ್ಟಿಯೊಂದಿಗೆ "ಈ ಜಮೀನುಗಳ ಮೇಲೆ ಅಧಿಸೂಚನೆ ಇದೆ, ಕೊಳ್ಳುವ ಮುನ್ನ ವಿಚಾರಿಸಿ" ಎಂದು ಕನ್ನಡದಲ್ಲಿ ಬರೆದಿದ್ದರೆ ಎಷ್ಟು ಮನೆಗಳ ಉಳಿತಾಯ ಉಳಿಯುತ್ತಿತ್ತು? ಜಾಹೀರಾತಿನ ಪುಟ ಇದನ್ನು ಹೇಳಲಾರದು; ಅದರ ಲಾಭ ಹೇಳದಿರುವುದರಲ್ಲೇ ಇದೆ. ಸರಕಾರದ ಪುಟ ಕೇಳಿದವರಿಗೆ ಮಾತ್ರ ಹೇಳುತ್ತದೆ. ಕೇಳದವನಿಗೂ ಹೇಳುವ ಹಿತ ಇರುವುದು ನೆರೆಯವನಿಗೆ ಮಾತ್ರ.

ರಾಜಾನುಕುಂಟೆಯ ಸರದಿ ಈಗ ಬಂದಿದೆ. 2022ರ ಜೂನ್ 20ರಂದು ಶಂಕುಸ್ಥಾಪನೆಗೊಂಡ ಬೆಂಗಳೂರು ಉಪನಗರ ರೈಲು ಯೋಜನೆಯ ನಾಲ್ಕು ಮಾರ್ಗಗಳಲ್ಲಿ 'ಕನಕ' ಎಂಬುದು ಹೀಲಲಿಗೆಯಿಂದ ರಾಜಾನುಕುಂಟೆಯವರೆಗಿನದು, ಸುಮಾರು 46 ಕಿಲೋಮೀಟರ್ ಉದ್ದದ್ದು. ನಗರದ ಆಗ್ನೇಯ ತುದಿಯವನೂ ಇನ್ನು ಈ ಊರಿನ ಹೆಸರನ್ನು ಕಲಿಯಬೇಕಾಗುತ್ತದೆ. ಕೆಲಸ ಕುಂಟುತ್ತಿದೆ, ಆದರೆ ಮಾರಾಟಗಾರರ ನಕ್ಷೆಯಲ್ಲಿ ರೈಲು ಆಗಲೇ ಓಡುತ್ತಿದೆ. ನಿಲ್ದಾಣ ಎಲ್ಲಿ, ಯಾರ ಜಮೀನು ಹೋಗುತ್ತದೆ, ಪರಿಹಾರ ಎಷ್ಟು, ಆಕ್ಷೇಪಣೆಗೆ ಕೊನೆಯ ದಿನ ಯಾವುದು? ಇದನ್ನೆಲ್ಲ ದಲ್ಲಾಳಿಯ ಬಾಯಿಂದಲೇ ಕೇಳುವ ಸ್ಥಿತಿ ಊರಿನವರಿಗೆ ಬಂದರೆ ಹದಿನೇಳು ಗ್ರಾಮಗಳ ಕಥೆಯಿಂದ ನಾವು ಕಲಿತದ್ದೇನು?

ಭೂಮಿಯ ಮಾತಷ್ಟೇ ಅಲ್ಲ, ಶಾಂತಿಯ ಮಾತೂ ಇದೆ. 2012ರ ಆಗಸ್ಟಿನಲ್ಲಿ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಕಂಡ ದೃಶ್ಯವನ್ನು ಮರೆಯಲಾಗದು. ರಮಝಾನ್ ಮುಗಿದೊಡನೆ ಈಶಾನ್ಯ ರಾಜ್ಯದವರ ಮೇಲೆ ದಾಳಿ ನಡೆಯಲಿದೆ ಎಂಬ ಗಾಳಿಮಾತು ಮೊಬೈಲ್ ಸಂದೇಶಗಳಲ್ಲಿ ಹರಿದಾಡಿ, ಕೆಲವೇ ದಿನಗಳಲ್ಲಿ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿ ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಸಾಮೂಹಿಕ ಸಂದೇಶಗಳನ್ನು ದಿನಕ್ಕೆ ಐದಕ್ಕೆ ಮಿತಿಗೊಳಿಸಿ ಕೇಂದ್ರ ಸರಕಾರ ಆದೇಶ ಹೊರಡಿಸಿತು. ಮುಸ್ಲಿಮ್ ಸಂಘಟನೆಗಳ ಮುಖಂಡರು ಖುದ್ದಾಗಿ ಹೋಗಿ ಆ ಯುವಕರಿಗೆ ಧೈರ್ಯ ಹೇಳಿದರು, ಒಳ್ಳೆಯದೇ ಆಯಿತು. ಆದರೆ ಅಷ್ಟರಲ್ಲಿ ರೈಲು ಹೊರಟಾಗಿತ್ತು. "ನಮ್ಮ ಬೀದಿಯಲ್ಲಿ ಏನೂ ಆಗಿಲ್ಲ" ಎಂದು ಆಯಾ ಬೀದಿಯವರೇ ಹೇಳುವ, ಪರವೂರಿನವನೂ ನಂಬುವ ಒಂದು ವಿಳಾಸ ಆಗ ಇರಲಿಲ್ಲ. ವದಂತಿಗೆ ವಿಳಾಸ ಬೇಕಿಲ್ಲ. ಅದನ್ನು ಅಲ್ಲಗಳೆಯುವವನಿಗೆ ಬೇಕು.

"ಈಗ ವಾಟ್ಸಪ್ ಗುಂಪುಗಳಿವೆಯಲ್ಲ, ವೆಬ್‌ಸೈಟ್ ಯಾಕೆ?" ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಪ್ರತಿಯೊಬ್ಬರೂ ಕನಿಷ್ಠ ಮೂರು ಗುಂಪುಗಳ ಸದಸ್ಯರು: ಬಡಾವಣೆಯದ್ದೊಂದು, ಜಮಾಅತಿನದ್ದೊಂದು, ಶಾಲೆಯ ಪೋಷಕರದ್ದೊಂದು. ಅವುಗಳಿಂದ ಅನುಕೂಲವಿದೆ. ಆದರೆ ಗುಂಪಿನೊಳಗಿನ ಮಾತು ಗುಂಪಿನೊಳಗೇ ಉಳಿಯುತ್ತದೆ. ನಿನ್ನೆ ಊರಿಗೆ ಬಂದ ಬಾಡಿಗೆದಾರನಿಗೆ ಅದು ಸಿಗದು. ಕಳೆದ ವರ್ಷ ಗ್ರಾಮಸಭೆಯಲ್ಲಿ ಅಧಿಕಾರಿ ಕೊಟ್ಟ ಆಶ್ವಾಸನೆಯನ್ನು ಹುಡುಕಹೋದರೆ ಶುಭೋದಯದ ಹೂಗಳ ರಾಶಿಯಡಿಯಲ್ಲಿ ಅದು ಹೂತುಹೋಗಿರುತ್ತದೆ. ಯಾರೋ ಅಡ್ಮಿನ್ ಮುನಿಸಿಕೊಂಡು ಹೊರನಡೆದರೆ ಗುಂಪೇ ಎರಡಾಗುತ್ತದೆ. ಇನ್ನು ದೊಡ್ಡ ಕಂಪೆನಿಗಳ ಅಂಗಳದಲ್ಲಿ ಬಿಡಾರ ಹೂಡಿದವರ ಗತಿಯನ್ನೂ ನೋಡಿದ್ದೇವೆ. ಬಡಾವಣೆಗಳ ಮಾದರಿಯಲ್ಲೇ ಪುಟಗಳನ್ನು ಹಂಚಿ ಕೊಟ್ಟಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ನಮ್ಮ ಯುವಕರ ಮೆಚ್ಚಿನ ಆರ್ಕುಟ್ 2014ರಲ್ಲಿ, ಯಾಹೂ ಗುಂಪುಗಳು 2020ರಲ್ಲಿ ಮುಚ್ಚಿದವು. ಅಲ್ಲಿ ಕೂಡಿಟ್ಟ ಚಿತ್ರ, ಚರ್ಚೆ, ನೆನಪುಗಳೆಲ್ಲ ಒಡೆಯನ ಇಷ್ಟದಂತೆ ನೆಲಸಮವಾದವು. ಬಾಡಿಗೆದಾರನಿಗೆ ನೋಟೀಸು ಕೊಟ್ಟಿದ್ದರು ಎಂಬುದಷ್ಟೇ ಸಮಾಧಾನ.

ಹಾಗಾದರೆ ಊರಿನ ಹೆಸರಿನ ವಿಳಾಸವನ್ನಾದರೂ ನಾವು ಸ್ವಂತಕ್ಕೆ ಪಡೆಯಬಹುದೇ? ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಹೋಗಲಾಡಿಸಬೇಕು. ಡೊಮೈನ್ ಹೆಸರನ್ನು ಯಾರೂ ಕ್ರಯಕ್ಕೆ ಕೊಳ್ಳುವುದಿಲ್ಲ, ಗೇಣಿಗೆ ಪಡೆಯುತ್ತಾರೆ. ವರ್ಷ ವರ್ಷವೂ ಕಂತು ಕಟ್ಟಬೇಕು. ತಪ್ಪಿದರೆ ಕೆಲವು ವಾರಗಳ ರಿಯಾಯಿತಿ, ಆಮೇಲೆ ಹೆಚ್ಚಿನ ದಂಡ ತೆತ್ತು ಬಿಡಿಸಿಕೊಳ್ಳುವ ಒಂದು ಅವಧಿ, ಅದೂ ಮೀರಿದರೆ ಹೆಸರು ಮತ್ತೆ ಸಂತೆಗೆ. ಹಾಗೆ ಬಿದ್ದ ಹೆಸರುಗಳನ್ನು ಹೆಕ್ಕಿಕೊಳ್ಳುವುದನ್ನೇ ಕಸುಬಾಗಿಸಿಕೊಂಡವರು ಜಗತ್ತಿನಾದ್ಯಂತ ಇದ್ದಾರೆ. 2005ರಲ್ಲಿ ಡಾಟ್ ಇನ್ ಹೆಸರುಗಳ ನೋಂದಣಿ ಸಾರ್ವಜನಿಕರಿಗೆ ಮುಕ್ತವಾದಾಗಿನಿಂದ ನಮ್ಮಲ್ಲೂ ನಿಯಮ ಒಂದೇ: ಮೊದಲು ಬಂದವನಿಗೆ ಮೊದಲು. ವಿವಾದ ಎದ್ದರೆ ಪಂಚಾಯ್ತಿಕೆ ನಡೆಸುವ ವ್ಯವಸ್ಥೆ ಇದೆ. ಆದರೆ ದೂರುದಾರನು ಆ ಹೆಸರಿನ ಮೇಲೆ ತನಗೆ ಹಕ್ಕಿದೆಯೆಂದು ತೋರಿಸಬೇಕು. ರಾಜಾನುಕುಂಟೆಯ ಮೇಲೆ ಯಾರ ಹಕ್ಕು? ಅಲ್ಲಿ ಹುಟ್ಟಿದವನದ್ದೇ? ಸೈಟು ಮಾರುವವನದ್ದೇ?

ಇದು ತಮಾಷೆಯ ಪ್ರಶ್ನೆಯಲ್ಲ. ಸ್ಪೇನಿನ ಬಾರ್ಸಿಲೋನಾ ನಗರಸಭೆಯೇ ಇದಕ್ಕೆ ಸಿಲುಕಿ ಹೆಣಗಿತು. ನಗರದ ಹೆಸರಿನ ಡಾಟ್ ಕಾಮ್ ವಿಳಾಸವನ್ನು ಖಾಸಗಿಯವರು ಪಡೆದಿದ್ದರು. ನಗರಸಭೆ ದೂರಿತ್ತು, 2000ದಲ್ಲಿ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಮಂಡಳಿಯಲ್ಲಿ ಗೆದ್ದಿತು. ಕಂಪೆನಿ ಅಮೆರಿಕದ ನ್ಯಾಯಾಲಯಕ್ಕೆ ಹೋಯಿತು. 2003ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಬರಿಯ ಭೌಗೋಳಿಕ ಹೆಸರಿಗೆ ಟ್ರೇಡ್‌ಮಾರ್ಕಿನ ರಕ್ಷಣೆ ಇಲ್ಲವೆಂದು ಹೇಳಿ ವಿಳಾಸವನ್ನು ಕಂಪೆನಿಗೇ ಉಳಿಸಿತು. ಅಮೆಜಾನ್ ನದಿ ಹರಿಯುವ ದೇಶಗಳು ವರ್ಷಗಟ್ಟಲೆ ಪ್ರತಿಭಟಿಸಿದರೂ 'ಡಾಟ್ ಅಮೆಜಾನ್' ಎಂಬ ತುದಿವಿಳಾಸ 2019ರಲ್ಲಿ ಅದೇ ಹೆಸರಿನ ವ್ಯಾಪಾರಿ ಕಂಪೆನಿಯ ಪಾಲಾಗುವುದು ಖಚಿತವಾಯಿತು. ಬಾರ್ಸಿಲೋನಾಕ್ಕೆ, ಬ್ರೆಝಿಲ್‌ಗೆ ಆದದ್ದು ಇದಾದರೆ ಯಲಹಂಕ ತಾಲೂಕಿನ ಹಳ್ಳಿಯ ಪರವಾಗಿ ವಾದಿಸುವವರು ಯಾರು?

ಬೇರೆ ದಾರಿಯೂ ಇತ್ತು ಎಂಬುದನ್ನು ನ್ಯೂಯಾರ್ಕ್ ತೋರಿಸಿಕೊಟ್ಟಿತು. 2014ರಲ್ಲಿ ಆ ನಗರಕ್ಕೆ ತನ್ನದೇ ತುದಿವಿಳಾಸ ದೊರೆತಾಗ, ನಗರದೊಳಗೆ ವಿಳಾಸವಿದ್ದವರಿಗೆ ಮಾತ್ರ ಹೆಸರು ನೀಡುವ ನಿಯಮ ಮಾಡಿತು. ಅದಕ್ಕಿಂತ ಮುಖ್ಯವಾಗಿ, ತನ್ನ ಕೇರಿ-ಬಡಾವಣೆಗಳ ನೂರಾರು ಹೆಸರುಗಳನ್ನು ಮಾರಾಟದಿಂದ ಹೊರಗಿಟ್ಟು, ಆಯಾ ಬಡಾವಣೆಯ ನಾಗರಿಕ ಸಂಘಟನೆಗಳು ಅರ್ಜಿ ಹಾಕಿ ಪಡೆಯುವ ವ್ಯವಸ್ಥೆಯನ್ನು 2015ರಲ್ಲಿ ರೂಪಿಸಿತು. ಬಂಡವಾಳಶಾಹಿಯ ರಾಜಧಾನಿ ಎನಿಸಿಕೊಂಡ ನಗರಕ್ಕೂ ಊರಿನ ಹೆಸರು ಹರಾಜಿನ ಸರಕಲ್ಲ ಎಂದು ತೋಚಿತು. ಮಾಹಿತಿ ತಂತ್ರಜ್ಞಾನದ ರಾಜಧಾನಿಗೆ ಮಾತ್ರ ತೋಚಲಿಲ್ಲ.

ನಮ್ಮ ಹಿರಿಯರಿಗೆ ಇದು ಸುಲಭವಾಗಿ ಅರ್ಥವಾಗುತ್ತಿತ್ತು. ಊರಿಗೊಂದು ಗೋಮಾಳ ಇರುತ್ತಿತ್ತು. ಅದು ಯಾರದ್ದೂ ಅಲ್ಲ, ಎಲ್ಲರದ್ದೂ ಹೌದು. ದನ ಮೇಯಿಸಲು ಯಾರೂ ಯಾರ ಅಪ್ಪಣೆಯನ್ನೂ ಕೇಳಬೇಕಿರಲಿಲ್ಲ. ಬೆಂಗಳೂರಿನ ಸುತ್ತಲಿನ ಗೋಮಾಳಗಳಿಗೂ ಕೆರೆಯಂಗಳಗಳಿಗೂ ಏನಾಯಿತು ಎಂಬುದನ್ನು ಎ.ಟಿ. ರಾಮಸ್ವಾಮಿಯವರ ಅಧ್ಯಕ್ಷತೆಯ ಸದನ ಸಮಿತಿ 2007ರಲ್ಲೇ ಬಯಲಿಗೆಳೆಯಿತು. ಕುಂಟೆ ಎಂದರೆ ಸಣ್ಣ ಕೆರೆ. ಕುಂಟೆಗಳು ಬತ್ತಿ, ಮುಚ್ಚಿ, ಸೈಟುಗಳಾದ ಮೇಲೂ ಹೆಸರು ಉಳಿದಿರುತ್ತದೆ. ಈಗ ಆ ಹೆಸರಿನ ಸುತ್ತಲೂ ಬೇಲಿ ಏಳುತ್ತಿದೆ.

ಹೆಸರಿನ ಕಾಗುಣಿತವೂ ಒಂದು ಸಮಸ್ಯೆಯೇ. ಇಂಗ್ಲಿಷಿನಲ್ಲಿ ರಾಜಾನುಕುಂಟೆಯ ನಡುವಿನ 'ನು' ಕೆಲವೆಡೆ ಉಂಟು, ಕೆಲವೆಡೆ ಇಲ್ಲ. ಕೊನೆಗೆ ಕೆಲವರು 'ಕುಂಟೆ' ಎಂದರೆ ಕೆಲವರು 'ಕುಂಟಿ' ಎನ್ನುತ್ತಾರೆ. ಒಂದು ಕಾಗುಣಿತವನ್ನು ಊರಿನವರು ಹಿಡಿದರೆ ಇನ್ನೊಂದನ್ನು ವ್ಯಾಪಾರಿ ಹಿಡಿಯುತ್ತಾನೆ. 2014ರ ನವೆಂಬರ್ 1ರಂದು ಬೆಂಗಳೂರು, ಮಂಗಳೂರು, ಕಲಬುರಗಿ ಸಹಿತ 12 ನಗರಗಳ ಇಂಗ್ಲಿಷ್ ಕಾಗುಣಿತ ಬದಲಾದರೂ ಹಳೆಯ ಕಾಗುಣಿತದ ತಾಣಗಳು ಹಾಗೆಯೇ ಉಳಿದವು. ಒಮ್ಮೆ ಜನರ ಬಾಯಿಗೆ ಬಿದ್ದ ವಿಳಾಸವನ್ನು ಬದಲಿಸುವುದು ಅಷ್ಟು ಕಷ್ಟ. ಕನ್ನಡದಲ್ಲಿ ಈ ಗೊಂದಲ ತೀರಾ ಕಡಿಮೆ. 'ಡಾಟ್ ಭಾರತ' ಎಂಬ ತುದಿವಿಳಾಸ ಇಂದು ಕನ್ನಡ ಲಿಪಿಯಲ್ಲೇ ಲಭ್ಯವಿದೆ. ಊರಿನ ಹೆಸರನ್ನು ಊರಿನ ಲಿಪಿಯಲ್ಲೇ ಬರೆದು ತಾಣಕ್ಕೆ ಹೋಗಬಹುದು. ಕೆಲವು ಇಮೇಲ್ ವ್ಯವಸ್ಥೆಗಳು, ಅರ್ಜಿ ನಮೂನೆಗಳು ಇದನ್ನಿನ್ನೂ ಗುರುತಿಸುವುದಿಲ್ಲ ಎಂಬುದು ನಿಜ. ಆದ್ದರಿಂದ ಕನ್ನಡ ಲಿಪಿಯದ್ದೊಂದು, ಇಂಗ್ಲಿಷಿನದ್ದೊಂದು, ಎರಡನ್ನೂ ಹಿಡಿದಿಡುವುದು ಲೇಸು. ಡಾಟ್ ಇನ್ ಹೆಸರಿಗೆ ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯೊಳಗಿನ ಖರ್ಚು. ಒಂದು ಸ್ವಾಗತ ಬ್ಯಾನರಿಗೆ ನಾವು ಇದಕ್ಕಿಂತ ಹೆಚ್ಚು ಸುರಿಯುತ್ತೇವೆ.

ಹಣಕ್ಕಿಂತ ಕಷ್ಟದ ಸಂಗತಿ, ಆ ಹೆಸರು ಯಾರ ಹೆಸರಿನಲ್ಲಿರಬೇಕು ಎಂಬುದು. ಇಂತಹ ತಾಣಗಳ ಕಥೆ ಬಹುಮಟ್ಟಿಗೆ ಒಂದೇ. ಉತ್ಸಾಹಿ ಯುವಕನೊಬ್ಬ ತನ್ನ ಸ್ವಂತ ಕಾರ್ಡಿನಿಂದ ಹಣ ಕಟ್ಟಿ, ತನ್ನ ಇಮೇಲಿಗೆ ನೋಂದಾಯಿಸಿ ಆರಂಭಿಸುತ್ತಾನೆ. ಉದ್ಘಾಟನೆಗೆ ಗಣ್ಯರು ಬರುತ್ತಾರೆ, ಫೋಟೊ ಪ್ರಕಟವಾಗುತ್ತದೆ. ಎರಡು ವರ್ಷಗಳ ಬಳಿಕ ಅವನಿಗೆ ಮದುವೆಯಾಗುತ್ತದೆ ಅಥವಾ ವಿದೇಶದಲ್ಲಿ ಕೆಲಸ ಸಿಗುತ್ತದೆ. ನವೀಕರಣದ ಸೂಚನೆಗಳು ಅವನು ತೆರೆಯದ ಅಂಚೆಪೆಟ್ಟಿಗೆಗೆ ಬರುತ್ತಿರುತ್ತವೆ. ಒಂದು ದಿನ ಊರಿನ ಹೆಸರು ಒತ್ತಿದರೆ ಜೂಜಿನ ಪುಟ ತೆರೆದುಕೊಳ್ಳುತ್ತದೆ. ಅವನನ್ನು ದೂರಿ ಫಲವಿಲ್ಲ. ಒಬ್ಬನ ಹೆಗಲಿಗೆ ಇಡೀ ಊರನ್ನು ಹೊರಿಸಿದವರು ನಾವು. ಮೊಹಲ್ಲಾ ಸಮಿತಿಗಳಲ್ಲಿ ಕಾಗದಪತ್ರಗಳೆಲ್ಲ ಕಾರ್ಯದರ್ಶಿಯ ಮನೆಯ ಕಪಾಟಿನಲ್ಲಿರುವ ಪರಿಪಾಠವೇ ಇಲ್ಲೂ ಮುಂದುವರಿದಿದೆ. 2025ರ ಜೂನ್ 6ರಂದು ವಕ್ಫ್ ಆಸ್ತಿಗಳ ನೋಂದಣಿಗೆ ಉಮೀದ್ ಪೋರ್ಟಲ್ ತೆರೆದು ಆರು ತಿಂಗಳ ಗಡುವು ವಿಧಿಸಿದಾಗ, ಆ ಕಾನೂನಿನ ಬಗೆಗಿನ ನಮ್ಮ ಆಕ್ಷೇಪಗಳು ಏನೇ ಇರಲಿ, ಎಷ್ಟು ಮುತವಲ್ಲಿಗಳ ಕೈಯಲ್ಲಿ ಮಸೀದಿ, ಖಬರಸ್ತಾನಗಳ ದಾಖಲೆ ಸಿದ್ಧವಿತ್ತು ಎಂಬುದನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಸಾರ್ವಜನಿಕ ವಸ್ತುವನ್ನು ಅಮಾನತ್ತಾಗಿ ಕಾಪಾಡುವ ಅಭ್ಯಾಸ ನಮ್ಮಲ್ಲಿ ತಪ್ಪಿಹೋಗಿದೆ.

ಇನ್ನೊಂದು ಮಾತನ್ನೂ ನೇರವಾಗಿ ಹೇಳಬೇಕು. ಊರಿನ ಹೆಸರನ್ನು ಯಾವೊಂದು ಸಮುದಾಯವೂ ತನ್ನ ಮನೆಯ ಫಲಕವಾಗಿಸಿಕೊಳ್ಳಬಾರದು. ಜಮಾಅತಿಗೆ ತನ್ನ ತಾಣ ಇರಲಿ, ದೇವಸ್ಥಾನಕ್ಕೆ, ಚರ್ಚಿಗೆ ತಮ್ಮವು ಇರಲಿ. ಆದರೆ ರಾಜಾನುಕುಂಟೆ ಎಂಬ ಹೆಸರಿನ ಬಾಗಿಲನ್ನು ತಟ್ಟಿದವನಿಗೆ ಒಳಗೆ ನಮಾಝಿನ ವೇಳೆಯೂ ಸಿಗಬೇಕು, ಜಾತ್ರೆಯ ದಿನವೂ ಸಿಗಬೇಕು, ನೀರಿನ ಟ್ಯಾಂಕರಿನ ದರವೂ ಸಿಗಬೇಕು. ನಾವು ಮುಂದೆ ಬಂದು ಕಟ್ಟಿದರೂ ಅದು ನಮ್ಮದೆನಿಸಬಾರದು. ಸಮುದಾಯಗಳು ಬೇರೆ ಬೇರೆ ಗುಂಪುಗಳಲ್ಲಿ ಬೇರೆ ಬೇರೆ ಸುದ್ದಿ ಓದುತ್ತಿರುವುದರ ಫಲವನ್ನು ಈ ರಾಜ್ಯ ಸಾಕಷ್ಟು ಉಂಡಿದೆ. ಕನಿಷ್ಠ ಕೊಳವೆ ಬಾವಿ ಕೆಟ್ಟ ಸುದ್ದಿಯನ್ನಾದರೂ ಎಲ್ಲರೂ ಒಂದೇ ಕಡೆ ಓದಲಿ.

ಇದರ ಹೊಣೆ ಸ್ಥಳೀಯ ಸಂಸ್ಥೆಯ ಮೇಲೂ ಇದೆ, ಅದು ಕೇವಲ ಸೌಜನ್ಯದ ಮಾತಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಯಾರೂ ಅರ್ಜಿ ಹಾಕದೆಯೇ ಸಾರ್ವಜನಿಕ ಪ್ರಾಧಿಕಾರಗಳು ತಮ್ಮ ಅಧಿಕಾರ, ಆಯವ್ಯಯ, ಫಲಾನುಭವಿಗಳ ವಿವರಗಳನ್ನು ಪ್ರಕಟಿಸಬೇಕೆಂದು, ಅದಕ್ಕೆ ಅಂತರ್ಜಾಲವನ್ನೂ ಬಳಸಬೇಕೆಂದು, ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕೆಂದು ಹೇಳುತ್ತದೆ. ಎಷ್ಟು ಪಂಚಾಯತ್‌ಗಳು ಇದನ್ನು ಮನಸ್ಸಿಟ್ಟು ಮಾಡಿವೆ? ಹಾಗೆಂದು ತಾಣವನ್ನು ಪೂರ್ತಿಯಾಗಿ ಪಂಚಾಯತಿನ ಕೈಗೆ ಒಪ್ಪಿಸುವುದೂ ಸರಿಯಲ್ಲ. ಬೆಂಗಳೂರಿನ ಅಂಚಿನಲ್ಲಿ ಆಡಳಿತದ ಹೆಸರುಗಳಿಗೆ ಆಯುಷ್ಯ ಕಡಿಮೆ. ಯಲಹಂಕ ಮತ್ತು ಬ್ಯಾಟರಾಯನಪುರಗಳ ನಗರಸಭೆಗಳು 2007ರಲ್ಲಿ ಬೃಹತ್ ಮಹಾನಗರ ಪಾಲಿಕೆಯೊಳಗೆ ಕರಗಿದವು; 2025ರಲ್ಲಿ ಆ ಪಾಲಿಕೆಯೂ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು. ಸಂಸ್ಥೆಯೊಂದಿಗೆ ಅದರ ವಿಳಾಸವೂ, ವಿಳಾಸದೊಂದಿಗೆ ಅಲ್ಲಿದ್ದ ಕಡತವೂ ಕಣ್ಮರೆಯಾಗಬಹುದು. ಊರಿನ ಹೆಸರಾದರೋ ಇವೆಲ್ಲವನ್ನೂ ಮೀರಿ ಉಳಿಯುತ್ತದೆ.

ಆದ್ದರಿಂದ ಹೆಸರು ಒಂದು ನೋಂದಾಯಿತ ನಾಗರಿಕ ಸಂಘದ ಹೆಸರಿನಲ್ಲಿರಲಿ. ಅದರ ಸಮಿತಿಯಲ್ಲಿ ಊರಿನ ಎಲ್ಲ ಸಮುದಾಯದವರು, ಮಹಿಳೆಯರು, ಕೊನೆಯ ಪಕ್ಷ ಇಬ್ಬರು ಬಾಡಿಗೆದಾರರು ಇರಲಿ. ಕೀಲಿಪದ ಮೂವರ ಬಳಿಯಿರಲಿ, ಕಂತನ್ನು ಐದೋ ಹತ್ತೋ ವರ್ಷಕ್ಕೆ ಒಮ್ಮೆಗೇ ಕಟ್ಟಲಿ. ಗ್ರಾಮ ಪಂಚಾಯತ್ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆನಿಸಿ ಕಂಪ್ಯೂಟರುಗಳನ್ನು ಪಡೆಯುತ್ತಿವೆ. ಪದವಿ ಓದುತ್ತಿರುವ ನಮ್ಮ ಹೆಣ್ಣುಮಕ್ಕಳು ವಾರಕ್ಕೆರಡು ಸಂಜೆ ಅಲ್ಲಿ ಕುಳಿತರೆ ಪುಟಗಳು ತುಂಬುತ್ತವೆ. ಆರಂಭಕ್ಕೆ ಸುದ್ದಿ, ಅಭಿಪ್ರಾಯ, ವಾಗ್ವಾದ ಯಾವುದೂ ಬೇಡ. ಸುದ್ದಿತಾಣವಾದರೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಹೊಣೆಗಳೂ ಹೆಗಲೇರುತ್ತವೆ. ಯಾರ ಮನೆಯ ಫೋನ್ ನಂಬರನ್ನೂ, ರೋಗಿಯ ಹೆಸರನ್ನೂ ಕೇಳದೆ ಹಾಕುವುದು ಬೇಡ. ಮೊದಲ ಪುಟದಲ್ಲಿ ಐದು ಸಂಗತಿಗಳು ಸಾಕು: ಗ್ರಾಮಸಭೆಯ ದಿನಾಂಕ ಮತ್ತು ಹಿಂದಿನ ಸಭೆಯ ನಿರ್ಣಯಗಳು, ಭೂಸ್ವಾಧೀನದ ಅಧಿಸೂಚನೆ ಇರುವ ಸರ್ವೆ ನಂಬರುಗಳು, ನೀರು-ವಿದ್ಯುತ್ತಿನ ವ್ಯತ್ಯಯ, ಬಸ್ಸು-ರೈಲಿನ ವೇಳೆ, ಮರಣ ವಾರ್ತೆ. ತಾಣದ ನವೀಕರಣ ಯಾವ ದಿನಕ್ಕೆ ಮುಗಿಯುತ್ತದೆ ಎಂಬುದನ್ನು ಗ್ರಂಥಾಲಯದ ಬಾಗಿಲಿನ ಸೂಚನಾ ಫಲಕದಲ್ಲಿ, ದಾರಿಹೋಕರಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಬರೆದಿಡಲಿ.